ಮೂಗುಬೊಟ್ಟಿನ ಏಳು ಕಲ್ಲು: ವಿಸಿಡಿ, ಡಿವಿಡಿ, ಬ್ಲೂ-ರೇ, ಓಟಿಟಿಗಳಲ್ಲಿ ನಿಮ್ಮ ಮನೆಗೆ ಯಾವುದು?

ಡಿವಿಡಿಯನ್ನು ನಾನು ಮೊದಲ ಸಲ ಕಂಡದ್ದು 2001ರ ದಸರಾ ರಜೆಯಲ್ಲಿ, ರಾಜಾಜಿನಗರದ ಸೋದರಮಾವನ ಮನೆಯಲ್ಲಿ. ದುಬೈಯಲ್ಲಿ ಕೆಲಸಕ್ಕಿದ್ದ ಭಾವ ರಜೆಗೆ ಬರುವಾಗ ಪ್ಲೇಯರ್ ಹೊತ್ತು ತಂದಿದ್ದ. ಡಿಸ್ಕ್ ನೋಡಿದರೆ ನಮ್ಮೂರ ಸಿಡಿಯಂಥದ್ದೇ. ಇದರಲ್ಲೇನಪ್ಪ ವಿಶೇಷ ಅಂದುಕೊಳ್ಳುತ್ತಿರುವಾಗಲೇ ಅವನು ಹಾಡೊಂದರ ನಡುವೆ ಪಾಸ್ ಒತ್ತಿ, "ಲೋ, ಇಲ್ನೋಡು" ಅಂದ. ಚಿತ್ರ ನಿಂತಿತು. ಗೆರೆಯಿಲ್ಲ, ನಡುಕವಿಲ್ಲ, ಚೌಕ ಚೌಕವಾಗಿ ಒಡೆಯಲೂ ಇಲ್ಲ. ಪರದೆ ತುಂಬ ನಾಯಕಿಯ ಮುಖ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅತ್ತೆ ಟಿವಿ ಹತ್ತಿರ ಬಗ್ಗಿ ಅವಳ ಮೂಗುಬೊಟ್ಟನ್ನೇ ದಿಟ್ಟಿಸಿ, "ಏಳು ಕಲ್ಲಿಂದು" ಅಂದರು.

ಅದೇ ಹಾಡಿನ ವಿಸಿಡಿ ನಮ್ಮ ಮನೆಯಲ್ಲಿತ್ತು. ಐವತ್ತು ಸಲವಾದರೂ ನೋಡಿದ್ದೆ. ಅವಳು ಮೂಗುಬೊಟ್ಟು ಹಾಕಿದ್ದಾಳೆಂಬುದೇ ನನಗೆ ಗೊತ್ತಿರಲಿಲ್ಲ.

ಆ ಒಂದು ಪಾಸ್ ಬಟನ್ ಮುಂದೆ ಹತ್ತು ವರ್ಷ ನನ್ನ ದಾರಿ ತಪ್ಪಿಸಿತು. ಹೊಸದೇನು ಬಂದರೂ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎಷ್ಟು ಚೆನ್ನಾಗಿ ಕಾಣುತ್ತೆ? ಅದನ್ನೇ ನೆಚ್ಚಿಕೊಂಡು 2011ರಲ್ಲಿ ಬ್ಲೂ-ರೇ ಪ್ಲೇಯರ್ ಕೊಂಡೆ. ಅಂಗಡಿಯ ದೊಡ್ಡ ಟಿವಿಯಲ್ಲಿ ಸಮುದ್ರದೊಳಗಿನ ಮೀನುಗಳನ್ನು ತೋರಿಸಿದ್ದರು, ಬೆರಗಾಗಿ ದುಡ್ಡು ಎಣಿಸಿಬಿಟ್ಟಿದ್ದೆ. ಮನೆಗೆ ತಂದ ಮೇಲೆ ಅಮ್ಮ ಕೇಳಿದ್ದು, "ಇದರಲ್ಲಿ ರಾಜ್‌ಕುಮಾರ್ ಸಿನಿಮಾ ಯಾವ್ಯಾವುದು ಬರುತ್ತೆ?" ನಾನು ಹೋಗುವ ಅಂಗಡಿಗಳಲ್ಲಿ ಒಂದೂ ಇರಲಿಲ್ಲ. ವರ್ಷಗಟ್ಟಲೆ ಆ ಪೆಟ್ಟಿಗೆ ಹಳೆಯ ಡಿವಿಡಿಗಳನ್ನೇ ಓಡಿಸಿತು.

ಈಗ ನನ್ನನ್ನು ಕೇಳುವವರು ಹೆಚ್ಚಾಗಿ ಮೂರು ಬಗೆ. ಬೀರುವಿನಲ್ಲಿ ನೂರಾರು ವಿಸಿಡಿ ಇಟ್ಟುಕೊಂಡು ಪ್ಲೇಯರ್ ಕೆಟ್ಟು ಕೂತವರು. 55 ಇಂಚಿನ ಟಿವಿ ತಂದು ಅದಕ್ಕೆ ತಕ್ಕ ಚಿತ್ರ ಬೇಕೆನ್ನುವವರು. ಊರಲ್ಲಿ ಅಪ್ಪ-ಅಮ್ಮ ಕೂಡಿಟ್ಟ ಡಿಸ್ಕ್‌ಗಳನ್ನು ಅಮೆರಿಕಕ್ಕೋ ಇಂಗ್ಲೆಂಡಿಗೋ ಒಯ್ಯಬೇಕೆನ್ನುವವರು. ಮೂವರಿಗೂ ಒಂದೇ ಉತ್ತರ ಕೊಡುವುದು ಅಂಗಡಿಯವನ ಕೆಲಸ.

ಮೊದಲು ಅಳತೆಗೋಲು

ನಾನು ತೂಗಿ ನೋಡುವುದು ಐದು ವಿಷಯ. ಮೊದಲನೆಯದು, ನಿಮಗೆ ಬೇಕಾದ ಸಿನಿಮಾ ಅದರಲ್ಲಿ ಸಿಗುತ್ತದೆಯೇ. ಒಂದು ಚೀಟಿ ತಗೊಂಡು, ಮನೆಯವರು ನಿಜವಾಗಿ ಮತ್ತೆ ಮತ್ತೆ ನೋಡುವ ಹತ್ತು ಸಿನಿಮಾದ ಹೆಸರು ಬರೆಯಿರಿ. ನೋಡಬೇಕೆಂದು ಆಸೆಪಡುವವು ಬೇಡ, ನೋಡುವವು. ಅರ್ಧ ತೀರ್ಮಾನ ಆ ಚೀಟಿಯಲ್ಲೇ ಆಗಿಹೋಗುತ್ತದೆ.

ಎರಡನೆಯದು ಓಡಿಸುವ ಯಂತ್ರ: ಹೊಸದು ಸಿಗುತ್ತದೆಯೇ, ಕೆಟ್ಟರೆ ರಿಪೇರಿ ಮಾಡುವವರು ಇದ್ದಾರೆಯೇ. ಮೂರನೆಯದು ಚಿತ್ರ ಮತ್ತು ಸದ್ದು, ಅದೂ ನಿಮ್ಮ ಟಿವಿಯ ಅಳತೆಗೆ, ನೀವು ಕೂರುವ ದೂರಕ್ಕೆ. ನಾಲ್ಕನೆಯದು ಬಾಳಿಕೆ. ಐದನೆಯದು ದುಡ್ಡು, ಕೊಳ್ಳುವಾಗಿನದಷ್ಟೇ ಅಲ್ಲ, ತಿಂಗಳು ತಿಂಗಳು ಹೋಗುವುದೂ ಸೇರಿ. ಇದರ ಜೊತೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದಿದೆ. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಅದನ್ನು ಹಾಕಿಕೊಳ್ಳಲು ಬರುತ್ತದೆಯೇ?

ಕ್ಯಾಸೆಟ್: ಇದರಲ್ಲಿ ಆಯ್ಕೆಯೇ ಇಲ್ಲ

ಜೆವಿಸಿ ಕಂಪನಿ ವಿಎಚ್‌ಎಸ್ ಎಂಬ ವಿಡಿಯೋ ಕ್ಯಾಸೆಟ್ ಹೊರತಂದದ್ದು 1976ರಲ್ಲಿ. ಮೂರು ಗಂಟೆ ಓಡುವ ಇ-180 ಕ್ಯಾಸೆಟ್ಟಿಗೂ ನಮ್ಮ ಸಿನಿಮಾದ ಉದ್ದಕ್ಕೂ ಜಾತಕ ಕೂಡಿಬಂದಂತಿತ್ತು. ಟಿವಿ, ವಿಸಿಪಿ (ಕ್ಯಾಸೆಟ್ ಓಡಿಸುವ ಪೆಟ್ಟಿಗೆ) ಎರಡನ್ನೂ ಬಾಡಿಗೆಗೆ ತಂದು, ಬೀದಿಯವರನ್ನೆಲ್ಲ ಕರೆದು, ಬೆಳಗಾಗುವುದರೊಳಗೆ ಮೂರು ಸಿನಿಮಾ ಮುಗಿಸುತ್ತಿದ್ದ ರಾತ್ರಿಗಳು ನೆನಪಿದ್ದರೆ ನಿಮಗೂ ನನ್ನಷ್ಟೇ ವಯಸ್ಸಾಗಿದೆ. ಆದರೆ ಈಗ ಕ್ಯಾಸೆಟ್ಟನ್ನು ಆಯ್ದುಕೊಳ್ಳುವ ಮಾತಿಲ್ಲ, ಅದರಿಂದ ಪಾರಾಗುವ ಮಾತಷ್ಟೇ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರದ ಆಸೆ ಬಿಡಬೇಕು. ಮದುವೆಯ ಕ್ಯಾಸೆಟ್ ಇದ್ದರೆ ಈ ವರ್ಷವೇ ಕಂಪ್ಯೂಟರಿಗೆ ಇಳಿಸಿಸಿ. ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ (ಮಲೆನಾಡಿನವರೇ, ನಿಮಗೇ ಹೇಳುತ್ತಿರುವುದು) ಯಂತ್ರಕ್ಕೆ ತುರುಕಬೇಡಿ. ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಮೊದಲು ಟೇಪ್ ಶುಚಿ ಮಾಡಿಕೊಡುವವರ ಕೈಗೆ ಕೊಡಿ.

ವಿಸಿಡಿ: ಮಂಕು, ಆದರೆ ಎಸೆಯಬೇಡಿ

ನಮ್ಮ ಊರುಗಳಲ್ಲಿ ಇದಕ್ಕೆ ಸುಮ್ಮನೆ "ಸಿಡಿ" ಎಂದೇ ಹೆಸರು. 1993ರಲ್ಲಿ ನಿಗದಿಯಾದ ಮಾದರಿ. ಒಂದು ಡಿಸ್ಕಿನಲ್ಲಿ ಹಿಡಿಯುವುದು 74ರಿಂದ 80 ನಿಮಿಷ, ಹಾಗಾಗಿ ಕನ್ನಡ ಸಿನಿಮಾ ಎಂದರೆ ಎರಡು ಸಿಡಿ, ಕೆಲವಕ್ಕೆ ಮೂರು. ಥಿಯೇಟರಿನ ಇಂಟರ್‌ವಲ್ ಒಂದು ಕಡೆ, ಸಿಡಿಯ ಇಂಟರ್‌ವಲ್ ಇನ್ನೊಂದು ಕಡೆ. ನಾಯಕ ಕೈ ಎತ್ತಿದ, ಏಟು ಬೀಳಬೇಕು, ಪರದೆ ನೀಲಿಯಾಯಿತು. ಎದ್ದು ಹೋಗಿ ಎರಡನೇ ಸಿಡಿಯನ್ನು ಬನಿಯನ್ನಿನ ಅಂಚಿನಲ್ಲಿ ಒರೆಸಿ ಹಾಕಿದ ಮೇಲೆಯೇ ವಿಲನ್ನಿಗೆ ಏಟು.

ಚಿತ್ರದ ಲೆಕ್ಕ ಹೀಗಿದೆ. ವಿಸಿಡಿಯ ಒಂದು ಚೌಕಟ್ಟಿನಲ್ಲಿ 352 × 288 ಚುಕ್ಕಿ, ಅಂದರೆ ಸುಮಾರು ಒಂದು ಲಕ್ಷ. ಡಿವಿಡಿಯಲ್ಲಿ 720 × 576, ನಾಲ್ಕು ಲಕ್ಷದ ಮೇಲೆ. ಬ್ಲೂ-ರೇಯಲ್ಲಿ 1920 × 1080, ಹತ್ತಿರ ಹತ್ತಿರ 21 ಲಕ್ಷ. 4ಕೆಯಲ್ಲಿ 83 ಲಕ್ಷ. ಒಂದು ಲಕ್ಷ ಚುಕ್ಕಿಯನ್ನು 83 ಲಕ್ಷದ ಪರದೆಗೆ ಎಳೆದರೆ ಏನಾಗುತ್ತದೆಂದು ಯೋಚಿಸಿ. ಒಂದು ಲೋಟ ಮಜ್ಜಿಗೆಗೆ ಒಂದು ಕೊಡ ನೀರು. 21 ಇಂಚಿನ ಡಬ್ಬಾ ಟಿವಿಯಲ್ಲಿ ಚೆಂದ ಕಂಡ ಸಿಡಿ ಇವತ್ತಿನ ಗೋಡೆ ಟಿವಿಯಲ್ಲಿ ಕಣ್ಣಿಗೆ ಹೊಡೆಯುವುದು ಇದಕ್ಕೇ. ಟಿವಿಯ ತಪ್ಪಲ್ಲ, ನಿಮ್ಮ ಕಣ್ಣಿನದೂ ಅಲ್ಲ.

ಹಾಗಿದ್ದರೂ ಎಸೆಯಬೇಡಿ ಅನ್ನುತ್ತೇನೆ, ಯಾಕೆಂದರೆ ಮೊದಲ ಅಳತೆಗೋಲಿನಲ್ಲಿ ವಿಸಿಡಿ ಎಲ್ಲರನ್ನೂ ಸೋಲಿಸಬಲ್ಲದು. 2000ದ ಆಸುಪಾಸಿನಲ್ಲಿ ಹಳ್ಳಿ ಪಟ್ಟಣವೆನ್ನದೆ ಕನ್ನಡ ಸಿನಿಮಾ ಹಂಚಿಕೆಯಾದದ್ದು ಇದರಲ್ಲೇ. ನಾಟಕ, ಯಕ್ಷಗಾನ ಪ್ರಸಂಗ, ಹರಿಕಥೆ, ಊರ ಜಾತ್ರೆಯ ಚಿತ್ರೀಕರಣ, ಹೀಗೆ ಎಷ್ಟೋ ಸರಕು ವಿಸಿಡಿಯಿಂದ ಮುಂದಕ್ಕೆ ಬರಲೇ ಇಲ್ಲ. ನಮ್ಮ ಮನೆಯಲ್ಲಿರುವ ಒಂದು ರಾತ್ರಿಪೂರ್ತಿ ಪ್ರಸಂಗದ ಆರು ಸಿಡಿಯ ಕಟ್ಟನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸುಲಭವಾಗಿ ಉಳಿಸಬಹುದಾದದ್ದೂ ಇದೇ. ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಸಿಡಿ ತೆರೆದರೆ ಎಂಪೆಗ್‌ಎವಿ ಎಂಬ ಫೋಲ್ಡರ್ ಕಾಣುತ್ತದೆ. ಒಳಗಿರುವ ಡಾಟ್ ಡಿಎಟಿ ಕಡತವೇ ಸಿನಿಮಾ, ವಿಎಲ್‌ಸಿಯಲ್ಲಿ (ಬಿಟ್ಟಿ ಸಿಗುವ ವಿಡಿಯೋ ಪ್ಲೇಯರ್ ತಂತ್ರಾಂಶ) ನೇರವಾಗಿ ಓಡುತ್ತದೆ. ನಿಮ್ಮದೇ ಮನೆಯ ಚಿತ್ರೀಕರಣವಾದರೆ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇನ್ನೆರಡು ಕಡೆ ಇಡಿ. ಒಂದು ಎಚ್ಚರ: ಸಿಡಿಯಲ್ಲಿ ಹೊಳಪಿನ ಪದರ ಇರುವುದು ಹೆಸರು ಬರೆಯುವ ಮೇಲ್ಭಾಗದ ಅಡಿಯಲ್ಲೇ. ನಾವೆಲ್ಲ ಕೆಳಗಿನ ಗೀರಿಗೆ ಹೆದರಿ ಟೂತ್‌ಪೇಸ್ಟ್ ತಿಕ್ಕಿದೆವು, ಮೇಲ್ಭಾಗವನ್ನು ನೆಲಕ್ಕೆ ಉಜ್ಜಲು ಬಿಟ್ಟೆವು. ಮೇಲಿಂದ ಕಿತ್ತ ಸಿಡಿಯನ್ನು ಬೆಳಕಿಗೆ ಹಿಡಿದರೆ ಸೂಜಿತೂತಿನಂತೆ ಕಾಣುತ್ತದೆ. ಅಷ್ಟು ಜಾಗ ಹೋದಂತೆಯೇ.

ಡಿವಿಡಿ: ಇವತ್ತಿಗೂ ನನ್ನ ಮೊದಲ ಮಾತು

ಜಪಾನಿನಲ್ಲಿ 1996ರಲ್ಲಿ, ಅಮೆರಿಕದಲ್ಲಿ 1997ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಮಾತ್ರ ಬಹಳ ದಿನ ಅದು ಭಾವನಂಥವರು ಹೊತ್ತು ತರುವ ವಸ್ತುವಾಗಿಯೇ ಉಳಿಯಿತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಟ್ಟಾಗ ಲೆಕ್ಕವೇ ತಲೆಕೆಳಗಾಯಿತು. ಆರು ರೂಪಾಯಿ ಹೆಚ್ಚು ಕೊಟ್ಟರೆ ನಾಲ್ಕು ಪಟ್ಟು ಚುಕ್ಕಿ, ಒಂದೇ ಡಿಸ್ಕಿನಲ್ಲಿ ಇಡೀ ಸಿನಿಮಾ! ಬಾಡಿಗೆ ಅಂಗಡಿಗೆ ಹೋಗುವ ಬದಲು ಕೊಂಡೇಬಿಡೋಣ ಎನ್ನಿಸಿತು. ಇವತ್ತು ಮನೆಗಳಲ್ಲಿರುವ ಡಿವಿಡಿ ರಾಶಿ ಬಹುಪಾಲು ಆಗಿನದೇ.

ಡಿವಿಡಿಯ ಗುಣ ಗಟ್ಟಿತನ. ಒಂದು ಪದರದ್ದಾದರೆ 4.7 ಜಿಬಿ, ಎರಡು ಪದರದ್ದಾದರೆ 8.5. ಮಾಹಿತಿಯ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಭದ್ರವಾಗಿರುವುದರಿಂದ ಸಿಡಿಯಂತೆ ಮೇಲಿಂದ ಕಿತ್ತುಹೋಗುವ ಭಯ ಕಡಿಮೆ. ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯುವ ಸಬ್‌ಟೈಟಲ್ ಬಂದದ್ದೂ ಇದರೊಂದಿಗೆ. ವಿಸಿಡಿಯಲ್ಲಿ ಇದ್ದರೆ ಚಿತ್ರದ ಮೇಲೇ ಅಚ್ಚಾಗಿರುತ್ತಿತ್ತು. ಕನ್ನಡ ಸರಿಯಾಗಿ ಬಾರದ ಮೊಮ್ಮಕ್ಕಳಿರುವ ಮನೆಗೆ ಇದು ಸಣ್ಣ ವಿಷಯವಲ್ಲ.

ದೋಷಗಳನ್ನೂ ಹೇಳಬೇಕು. ಕಡಿಮೆ ಬೆಲೆಯ ಡಿಸ್ಕ್‌ಗಳಲ್ಲಿ ಎರಡು ಮೂರು ಸಿನಿಮಾ ತುರುಕಿದ್ದರೆ ಚಿತ್ರ ವಿಸಿಡಿಗಿಂತ ತುಸು ಮೇಲೆ, ಅಷ್ಟೇ. "ಪ್ರಿಂಟ್ ಹೇಗಿದೆ?" ಎಂಬ ನಮ್ಮ ಹಳೆಯ ಪ್ರಶ್ನೆ ಇಲ್ಲಿ ಸರಿಯಾದದ್ದು, ಡಿಸ್ಕ್ ಯಾವುದಾದರೇನು, ಸವೆದ ರೀಲಿನಿಂದ ತೆಗೆದದ್ದು ಸವೆದೇ ಕಾಣುತ್ತದೆ. ಇನ್ನು ಎಷ್ಟೋ ಹಳೆಯ ಡಿವಿಡಿಗಳಲ್ಲಿ ಅಗಲ ಪರದೆಯ ಚಿತ್ರವನ್ನು ಚೌಕ ಟಿವಿಗೆಂದು ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಅಚ್ಚು ಮಾಡಿದ್ದಾರೆ. ಇವತ್ತಿನ ಟಿವಿಯಲ್ಲಿ ಅದಕ್ಕೆ ನಾಲ್ಕು ಕಡೆಯೂ ಕಪ್ಪು. ರಿಮೋಟಿನ ಝೂಮ್ ಒತ್ತಿದರೆ ತುಂಬಿಕೊಳ್ಳುತ್ತದೆ, ಸ್ವಲ್ಪ ಮಂಕಾಗುತ್ತದೆ.

ಒಂದು ಸೋಜಿಗ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ನಮ್ಮ ಟಿವಿ ಪದ್ಧತಿಯಾದ ಪ್ಯಾಲ್‌ನ ಡಿವಿಡಿ ಓಡುವುದು 25ರಲ್ಲಿ. ಹಾಗಾಗಿ 150 ನಿಮಿಷದ ಸಿನಿಮಾ 144 ನಿಮಿಷಕ್ಕೇ ಮುಗಿಯುತ್ತದೆ, ಶ್ರುತಿ ತಿದ್ದದೇ ಹೋದರೆ ಹಾಡುಗಳೂ ತುಸು ಮೇಲಿನ ಶ್ರುತಿಯಲ್ಲಿ ಕೇಳುತ್ತವೆ. ಹಾರ್ಮೋನಿಯಂ ನುಡಿಸುವ ನಮ್ಮ ದೊಡ್ಡಪ್ಪ ಟಿವಿಯ ಹಾಡಿಗೆ ಕೈಯಾಡಿಸಲು ಹೋಗಿ, ಪೆಟ್ಟಿಗೆಯ ಶ್ರುತಿಯೇ ತಪ್ಪಿದೆ ಎಂದು ರಿಪೇರಿಗೆ ಕಳಿಸಿದ್ದರು. ರೇಡಿಯೋದಲ್ಲಿ ಕೇಳಿದ ಹಾಡೇ ನಿಮ್ಮ ಕಿವಿಯಲ್ಲಿ ಕೂತಿದ್ದರೆ ಇದು ಗೊತ್ತಾಗುತ್ತದೆ, ಇಲ್ಲದಿದ್ದರೆ ಇಲ್ಲ.

ರೀಜನ್ ಗೋಳು ಇನ್ನೊಂದು: ಡಿಸ್ಕ್ ಯಾವ ವಲಯದ ಪ್ಲೇಯರಿನಲ್ಲಿ ಓಡಬೇಕೆಂಬ ಬೀಗ. ಭಾರತಕ್ಕೆ 5, ಅಮೆರಿಕಕ್ಕೆ 1, ಯುರೋಪ್ ಮತ್ತು ಕೊಲ್ಲಿ ದೇಶಗಳಿಗೆ 2. ಭಾವನ ದುಬೈ ಪ್ಲೇಯರ್ ಇಲ್ಲಿ ಕೊಂಡ ಇಂಗ್ಲಿಷ್ ಸಿನಿಮಾದ ಡಿಸ್ಕನ್ನು ಉಗುಳಿಬಿಟ್ಟಿತ್ತು. ಯಾರೋ ಹೇಳಿದ ನಂಬರನ್ನು ರಿಮೋಟಿನಲ್ಲಿ ಒತ್ತಿದ ಮೇಲೆ ಒಪ್ಪಿಕೊಂಡಿತು. ಕನ್ನಡದ ಡಿವಿಡಿಗಳಲ್ಲಿ ನಾನು ಕಂಡ ಹೆಚ್ಚಿನವಕ್ಕೆ ಈ ಬೀಗವೇ ಇಲ್ಲ. ಕವರಿನ ಹಿಂದೆ ಭೂಗೋಳದ ಚಿತ್ರದೊಳಗೆ ಯಾವ ಅಂಕಿ ಇದೆ ನೋಡಿಕೊಳ್ಳಿ.

ಪ್ಲೇಯರ್ ವಿಷಯಕ್ಕೆ ಬಂದರೆ, ಕೆಲವೇ ಸಾವಿರಕ್ಕೆ ಹೊಸದು ಇನ್ನೂ ಸಿಗುತ್ತದೆ. ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಂದೇ ತಂತಿಯಲ್ಲಿ ಟಿವಿಗೆ ಒಯ್ಯುವ ಕೊಂಡಿ) ಇರುವುದನ್ನೇ ಕೊಳ್ಳಿ. ಹೊಸ ಟಿವಿಗಳಲ್ಲಿ ಹಳದಿ-ಕೆಂಪು-ಬಿಳಿ ಪಿನ್ನಿನ ತೂತುಗಳು ಮಾಯವಾಗುತ್ತಿವೆ. ಹಳೆಯ ಪ್ಲೇಯರೇ ಇದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಎಸ್‌.ಪಿ. ರೋಡಿನಲ್ಲಿ ಸಿಗುತ್ತದೆ. "ಲೆನ್ಸ್ ಹೋಗಿದೆ ಸಾರ್" ಎಂದು ರಿಪೇರಿಯವನು ಹೇಳಿದರೆ ಮೊದಲು ಒರೆಸಿ ನೋಡಲು ಹೇಳಿ. ಅರ್ಧಕ್ಕರ್ಧ ಸಲ ಅದು ಧೂಳು.

ಬ್ಲೂ-ರೇ, 4ಕೆ: ಚೀಟಿ ನೋಡಿ ಮುಂದುವರಿಯಿರಿ

2006ರಲ್ಲಿ ಬಂದ ಬ್ಲೂ-ರೇಗೆ ಆಗ ಎಚ್‌ಡಿ ಡಿವಿಡಿ ಎಂಬ ದಾಯಾದಿಯೂ ಇತ್ತು. 2008ರ ಫೆಬ್ರವರಿಯಲ್ಲಿ ಆ ದಾಯಾದಿಯ ಹಿಂದಿದ್ದ ತೋಷಿಬಾ ಕೈಚೆಲ್ಲಿತು, ಅದನ್ನು ಕೊಂಡವರು ಕೈ ಹಿಸುಕಿಕೊಂಡರು. ಚಿತ್ರದ ವಿಷಯದಲ್ಲಿ ಬ್ಲೂ-ರೇ ಬಗ್ಗೆ ತಕರಾರಿಲ್ಲ: 25 ಅಥವಾ 50 ಜಿಬಿ ಜಾಗ, ಸೆಕೆಂಡಿಗೆ 24 ಚೌಕಟ್ಟು ಇದ್ದದ್ದು ಇದ್ದ ಹಾಗೇ, ದೊಡ್ಡಪ್ಪನ ಹಾರ್ಮೋನಿಯಂ ಕೂಡ ಸರಿಯಾಗುತ್ತದೆ. ಆದರೆ ಕನ್ನಡದಲ್ಲಿ ನಾನು ಕಣ್ಣಾರೆ ಕಂಡ ಬ್ಲೂ-ರೇ ಬೆರಳೆಣಿಕೆಯಷ್ಟು. ನಿಮ್ಮ ಚೀಟಿಯ ಹತ್ತರಲ್ಲಿ ಆರೇಳು ಹೆಸರು ಇಂಗ್ಲಿಷ್ ಅಥವಾ ಜಪಾನಿ ಸಿನಿಮಾದ್ದಾದರೆ ಧಾರಾಳವಾಗಿ ಕೊಳ್ಳಿ. ಎಲ್ಲ ಕನ್ನಡದವೇ ಆದರೆ ನನ್ನಂತೆ ಪೆಟ್ಟಿಗೆ ತಂದು ಕೂರಿಸಬೇಡಿ.

2016ರಲ್ಲಿ ಬಂದ 4ಕೆ ಡಿಸ್ಕಿಗೂ ಇದೇ ಮಾತು, ಇನ್ನೂ ಖಡಕ್ಕಾಗಿ. 55 ಇಂಚಿಗಿಂತ ದೊಡ್ಡ ಪರದೆ, ಕತ್ತಲೆ ಕೋಣೆ, ಒಳ್ಳೆಯ ಸ್ಪೀಕರ್ ಇದ್ದವರಿಗೆ ಅದು ಹಬ್ಬ. ಹತ್ತಡಿ ದೂರದಿಂದ 32 ಇಂಚು ನೋಡುವವರಿಗೆ ದಂಡ. ಪ್ಲೇಯರಿನ ಬೆಲೆ ಡಿವಿಡಿ ಪ್ಲೇಯರಿನ ಹಲವು ಪಟ್ಟು, ತಯಾರಕರೂ ಕಮ್ಮಿಯಾಗುತ್ತಿದ್ದಾರೆ. ಓಪ್ಪೋ 2018ರಲ್ಲೇ ಈ ವ್ಯವಹಾರ ಬಿಟ್ಟಿತು. ಮಕ್ಕಳಿಗೆಂದು ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಮನೆಯಲ್ಲಿದ್ದರೆ ಬೇರೆ ಕೊಳ್ಳಬೇಕಿಲ್ಲ, ಅದೇ 4ಕೆ, ಬ್ಲೂ-ರೇ, ಡಿವಿಡಿ ಮೂರನ್ನೂ ಓಡಿಸುತ್ತದೆ. ಸಿಡಿಯನ್ನು ಮಾತ್ರ ಮುಟ್ಟುವುದಿಲ್ಲ. ಬ್ಲೂ-ರೇ ಪ್ಲೇಯರುಗಳಲ್ಲೂ ಕೆಲವು ವಿಸಿಡಿ ಓಡಿಸುತ್ತವೆ, ಕೆಲವು ಓಡಿಸುವುದಿಲ್ಲ.

ಓಟಿಟಿ, ಯೂಟ್ಯೂಬ್: ಅಜ್ಜಿಗೆ ಇದೇ ಸುಲಭ, ಆದರೆ

ಮೈಕಿಗೆ ಹೆಸರು ಹೇಳಿದರೆ ಸಿನಿಮಾ ಬರುತ್ತದೆ. ಯಾವ ಡಿಸ್ಕೂ ಇದಕ್ಕೆ ಸಾಟಿಯಲ್ಲ. ಹಳೆಯ ಕನ್ನಡ ಸಿನಿಮಾ ಇವತ್ತು ಅತಿ ಹೆಚ್ಚು ಸಿಗುವುದೂ ಯೂಟ್ಯೂಬಿನಲ್ಲೇ, ಬಿಟ್ಟಿಯಾಗಿ. ಹಾಗೆಂದು ಬೀರು ಖಾಲಿ ಮಾಡುವ ಮುನ್ನ ಒಂದು ಪರೀಕ್ಷೆ ಮಾಡಿ. ನಿಮಗೆ ಬಾಯಿಪಾಠವಾಗಿರುವ ಒಂದು ಹಳೆಯ ಸಿನಿಮಾವನ್ನು ಎರಡರಲ್ಲೂ ಹಾಕಿ ನೋಡಿ. ಚೌಕ ಚಿತ್ರವನ್ನು ಅಗಲ ಪರದೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿರುತ್ತಾರೆ, ನಿಂತವರ ತಲೆ ಹೋಗಿರುತ್ತದೆ, ಮೂಲೆಯಲ್ಲಿ ಕಂಪನಿಯ ಮುದ್ರೆ ಕೂತಿರುತ್ತದೆ. ಅಮ್ಮನ ಅಚ್ಚುಮೆಚ್ಚಿನ ಒಂದು ಸಿನಿಮಾದಲ್ಲಿ ಹಾಡೊಂದು ಪೂರ್ತಿ ಮಾಯ. "ಇಲ್ಲೊಂದು ಹಾಡಿತ್ತಲ್ಲೋ" ಎಂದು ಅಮ್ಮ ಅಂದಾಗ ಸಿಡಿ ತೆಗೆದು ನೋಡಿದೆ. ಮೂರನೇ ಸಿಡಿಯಲ್ಲಿ ಅದು ಹಾಗೇ ಇತ್ತು, ಮಂಕಾಗಿ.

ಓಟಿಟಿಯಲ್ಲಿ ಚಿತ್ರ ಚೆನ್ನಾಗಿರುತ್ತದೆ. 4ಕೆಗೆ ನೆಟ್‌ಫ್ಲಿಕ್ಸ್ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್ ವೇಗ. ಬ್ಲೂ-ರೇ ಡಿಸ್ಕ್ ಬರೀ ಚಿತ್ರಕ್ಕೇ 40ರವರೆಗೆ ಬಳಸಬಲ್ಲದು. ಮಳೆ, ಹೊಗೆ, ಕತ್ತಲೆಯ ದೃಶ್ಯಗಳಲ್ಲಿ ಈ ಅಂತರ ಕಾಣುತ್ತದೆ, ಮಾತುಕತೆಯ ದೃಶ್ಯದಲ್ಲಿ ಕಾಣದು. ನನಗೆ ಕಾಡುವುದು ಅದಲ್ಲ. ಹಕ್ಕಿನ ಅವಧಿ ಮುಗಿದ ದಿನ ಸಿನಿಮಾ ಹೇಳದೆ ಕೇಳದೆ ಎದ್ದು ಹೋಗುತ್ತದೆ. ತಿಂಗಳ ಚಂದಾ ಮಾತ್ರ ಹೋಗುತ್ತಲೇ ಇರುತ್ತದೆ.

ಹಾಗಾದರೆ ನೀವು?

ವಿಸಿಡಿ ರಾಶಿಯವರು ಎಚ್‌ಡಿಎಂಐ ಇರುವ ಡಿವಿಡಿ ಪ್ಲೇಯರ್ ಕೊಳ್ಳಿ. ಸಾಮಾನ್ಯವಾಗಿ ಅದು ವಿಸಿಡಿಯನ್ನೂ ಓಡಿಸುತ್ತದೆ. ಅಲ್ಲಿಗೆ ಖರ್ಚು ಮುಗಿಯಿತು. ಬೇರೆಲ್ಲೂ ಸಿಗದ ಸಿಡಿ ಯಾವುದೆಂದು ಹುಡುಕಿ ಬೇರೆ ಇಡಿ, ಉಳಿದವನ್ನು ಯಾರಾದರೂ ಕೇಳಿದರೆ ಕೊಟ್ಟುಬಿಡಿ.

ದೊಡ್ಡ ಟಿವಿಯವರೇ, ಮೊದಲ ಆರು ತಿಂಗಳು ಓಟಿಟಿಯಲ್ಲೇ ನೋಡಿ. ಅಷ್ಟರಲ್ಲಿ ಒಂದೇ ಸಿನಿಮಾವನ್ನು ಮೂರು ಸಲ ನೋಡಿದ್ದೀರಾದರೆ, ಅದು ಬ್ಲೂ-ರೇಯಲ್ಲಿ ಬಂದಿದ್ದರೆ, ಆಗ ಪ್ಲೇಯರಿನ ಯೋಚನೆ ಮಾಡಿ. ದುಡ್ಡು ಕೈಯಲ್ಲಿ ಹೆಚ್ಚಿದೆ ಅನ್ನುವವರು 4ಕೆ ಡಿಸ್ಕಿಗಿಂತ ಮೊದಲು ಸ್ಪೀಕರಿಗೆ ಹಾಕಿ. ಟಿವಿಯ ಬೆನ್ನಿಗೆ ಅಂಟಿದ ಪುಟ್ಟ ಸ್ಪೀಕರಿನಲ್ಲಿ ತಬಲಾ ಡಬ್ಬದಂತೆ ಕೇಳುತ್ತದೆ.

ಪರದೇಶಕ್ಕೆ ಒಯ್ಯುವವರಿಗೆ ಯುಎಸ್‌ಬಿ ಡಿವಿಡಿ ಡ್ರೈವ್, ಒಂದು ಲ್ಯಾಪ್‌ಟಾಪ್, ವಿಎಲ್‌ಸಿ ಸಾಕು. ಪ್ಯಾಲ್-ಎನ್‌ಟಿಎಸ್‌ಸಿ (ಇಲ್ಲಿನ ಮತ್ತು ಅಮೆರಿಕದ ಟಿವಿ ಪದ್ಧತಿಗಳ) ಜಗಳವೇ ಇಲ್ಲ. ಬ್ಲೂ-ರೇ ಒಯ್ಯುವುದಾದರೆ ಭಾರತ ಸಿ ವಲಯ, ಅಮೆರಿಕ ಎ, ಇಂಗ್ಲೆಂಡ್ ಬಿ ಎಂಬುದು ನೆನಪಿರಲಿ. 4ಕೆ ಡಿಸ್ಕಿಗೆ ವಲಯದ ಕಾಟವಿಲ್ಲ. ಪ್ಲಾಸ್ಟಿಕ್ ಡಬ್ಬಿಗಳನ್ನು ಇಲ್ಲೇ ಬಿಟ್ಟು, ಡಿಸ್ಕ್ ಮತ್ತು ಕವರಿನ ಕಾಗದವನ್ನು ಝಿಪ್ ಇರುವ ಸಿಡಿ ಪೌಚಿನಲ್ಲಿ ಹಾಕಿಕೊಳ್ಳಿ. ನೂರು ಸಿನಿಮಾ ಕೈಚೀಲದಲ್ಲಿ ಹಿಡಿಯುತ್ತವೆ.

ಯಾವ ಪ್ಲೇಯರ್ ಕೊಳ್ಳಲು ಹೊರಟರೂ ಮನೆಯಿಂದಲೇ ಎರಡು ಡಿಸ್ಕ್ ಒಯ್ಯಿರಿ: ಗೀರು ಬಿದ್ದ ಹಳೆಯ ವಿಸಿಡಿ ಒಂದು, ನಿಮಗೆ ಚೆನ್ನಾಗಿ ಗೊತ್ತಿರುವ ಹಾಡಿನ ಡಿವಿಡಿ ಒಂದು. ಅಂಗಡಿಯವನು ಮೀನಿನ ಚಿತ್ರ ಹಾಕಲು ಬಂದರೆ ಬೇಡವೆನ್ನಿ. ನಿಮ್ಮದನ್ನೇ ಹಾಕಿಸಿ, ಮುಖ ಹತ್ತಿರ ಬಂದಾಗ ಪಾಸ್ ಒತ್ತಿಸಿ.